ಮಳೆಗಾಲದಲ್ಲಿ ಕೋಳಿ ಗೂಡಿಗೆ ಯಾವ ಹಾಸು?

ಇವತ್ತಿನ ಮಾತು ಕೋಳಿ ಕಾಲಡಿ ಇರೋ ಹಾಸಿನ ಬಗ್ಗೆ. ಇದೇನು ದೊಡ್ಡ ವಿಷಯ ಅನ್ಬೇಡಿ. ಇದು ಗೊತ್ತಿಲ್ಲದೇ ಪಿರಿಯಾಪಟ್ಟಣದ ನಮ್ಮ ಹಿತ್ತಿಲಲ್ಲಿ 30 ಗಿರಿರಾಜ ಮರಿಗಳಲ್ಲಿ 11 ಮರಿ ಕಳ್ಕೊಂಡವನು ನಾನು.

ಜೂನ್ ಕೊನೆ. ನಮ್ಮ ಕಡೆ ಸೋನೆ ಮಳೆ ಹಿಡಿದ್ರೆ ಬಿಡಲ್ಲ. ಮನೇಲಿದ್ದ ಭತ್ತದ ಹುಲ್ಲನ್ನೇ ಉದ್ದುದ್ದ ಹಾಸಿದ್ದೆ. ಮೇಲೆ ಒಣಗಿದ ಹಾಗೇ ಕಾಣ್ತಿತ್ತು. ಕೆಳಗೆ ಹಿಕ್ಕೆ, ನೀರು ಸೇರಿ ಚಾಪೆ ಥರ ಅಂಟಿಕೊಂಡಿತ್ತು. "ಕಣ್ಣು ಉರಿಯೋ ವಾಸ್ನೆ ಬತ್ತಾ ಅದೆ, ನೋಡ್ಲಾ ಮಗ" ಅಂತ ಅವ್ವ ಎರಡು ದಿನ ಹೇಳಿದ್ರು. ನಾನು ಮೊಬೈಲ್ ನೋಡ್ತಾ ಕೂತಿದ್ದೆ. ಮೂರನೇ ದಿನ ಹಿಕ್ಕೆಯಲ್ಲಿ ರಕ್ತ. ಪಶುವೈದ್ಯರು ನೋಡಿ, "ಕಾಕ್ಸಿಡಿಯೋಸಿಸ್. ಔಷಧಿ ಕೊಡ್ತೀನಿ, ಮೊದಲು ಆ ಹಾಸು ಎತ್ತಿ ಬಿಸಾಕಿ" ಅಂದ್ರು. ಈ ರೋಗದ ಜೀವಾಣು ಹಬ್ಬೋಕೆ ತೇವ, ಬೆಚ್ಚನೆ ಜಾಗ ಬೇಕು. ಅದನ್ನ ನಾನೇ ಮಾಡಿಕೊಟ್ಟಿದ್ದೆ.

ಹಾಗಾದ್ರೆ ಏನು ಹಾಕ್ಬೇಕು? ಉತ್ತರ ನಮ್ಮ ಸುತ್ತಲಿನ ತಾಲ್ಲೂಕುಗಳಲ್ಲೇ ಇದೆ.

ಕೆ.ಆರ್. ನಗರ ಭತ್ತದ ಸೀಮೆ. ಅಲ್ಲಿನ ರೈಸ್ ಮಿಲ್‌ಗಳಲ್ಲಿ ಸಿಗೋ ಭತ್ತದ ಹೊಟ್ಟು ನನ್ನ ಮೊದಲ ಆಯ್ಕೆ. ಹಗುರ, ಕೆದಕೋಕೆ ಸುಲಭ, ಬೇಗ ಒಣಗುತ್ತೆ. ತೌಡು ತರಬೇಡಿ, ಅದು ಮೇವು.

ಹುಣಸೂರಿನ ಸಾಮಿಲ್‌ಗಳ ಕಡೆ ಹೋದ್ರೆ, ಮರ ಕೀಸಿದಾಗ ಬರೋ ಸುರುಳಿ ಸಿಪ್ಪೆ ಕೇಳಿ. ತೀರಾ ನುಣ್ಣನೆ ಪುಡಿ ಬೇಡ. ಮರಿಗಳು ಅದನ್ನ ಮೇವು ಅಂತ ತಿನ್ನುತ್ತವೆ, ಧೂಳು ಉಸಿರಿಗೂ ಕೆಟ್ಟದ್ದು. ಪ್ಲೈವುಡ್ ಪುಡಿಯಂತೂ ಬೇಡವೇ ಬೇಡ, ಅದರಲ್ಲಿ ಅಂಟು, ಕೆಮಿಕಲ್ ಇರುತ್ತೆ.

ಎಚ್.ಡಿ. ಕೋಟೆ ಕಡೆ ಶುಂಠಿ ಹೊಲಕ್ಕೆ ಹೊದಿಸಿ ಮಿಕ್ಕ ಹುಲ್ಲು ಇದೆಯಾ? ಹಾಕಬಹುದು. ಆದ್ರೆ ಎರಡು ಇಂಚಿಗೆ ಕತ್ತರಿಸಿ, ಚೆನ್ನಾಗಿ ಒಣಗಿಸಿ. ಬೂಷ್ಟು ಹಿಡಿದ ಹುಲ್ಲು ಕೋಳಿ ಶ್ವಾಸಕೋಶಕ್ಕೆ ಕುತ್ತು.

ಇನ್ನು ನಮ್ಮೂರ ಹೊಗೆಸೊಪ್ಪಿನ ಕಡ್ಡಿ, ಪುಡಿ ಗೂಡಿನ ಹತ್ತಿರಕ್ಕೂ ಬೇಡ. ನಿಕೋಟಿನ್ ಕೋಳಿಗೆ ವಿಷ.

ಬೇಸಿಗೆಯಲ್ಲಿ ಎರಡು ಮೂರು ಇಂಚು ದಪ್ಪ ಸಾಕು, ಮಳೆಗಾಲಕ್ಕೆ ನಾಲ್ಕು ಇಂಚು ಹಾಕಿ. ದಿನಾ ಒಂದು ಸಲ ಕೆದಕಿ. ನೀರಿನ ಬಟ್ಟಲಿನ ಸುತ್ತ ನೆನೆದಿದ್ದನ್ನ ಆಗಾಗಲೇ ತೆಗೀರಿ. ಮಳೆ ಅಂತ ಗೂಡಿಗೆ ಸುತ್ತಲೂ ಟಾರ್ಪಾಲ್ ಬಿಗಿದು ಮುಚ್ಚಬೇಡಿ. ಎರಚಲು ಬರೋ ಕಡೆ ಮಾತ್ರ ಕಟ್ಟಿ, ಗಾಳಿ ಆಡಲಿ.

ಪರೀಕ್ಷೆ ಬಲು ಸುಲಭ. ಒಂದು ಹಿಡಿ ಹಾಸು ಅದುಮಿ, ಕೈ ಬಿಡಿ. ಉಂಡೆ ಹಾಗೇ ನಿಂತರೆ ತೇವ ಜಾಸ್ತಿ. ಉದುರಿದರೆ ಸರಿ. ಬರೀ ಧೂಳೆದ್ದರೆ ತೀರಾ ಒಣಗಿದೆ. ಆಮೇಲೆ ಕೈ ತೊಳ್ಕೊಳ್ಳಿ.

ಹಳೆ ಹಾಸನ್ನ ತಿಪ್ಪೆಗೆ ಹಾಕಿ ಚೆನ್ನಾಗಿ ಕೊಳೆಸಿದ್ರೆ ತೆಂಗಿಗೆ ಒಳ್ಳೆ ಗೊಬ್ಬರ.

ಉಳಿದ 19 ಮರಿ ಹೊಟ್ಟಿನ ಮೇಲೆ ಚೆನ್ನಾಗಿ ಬೆಳೆದವು. ಈಗ ಬೆಳಗ್ಗೆ ಎದ್ದ ತಕ್ಷಣ ಮೊಬೈಲ್ ಮುಟ್ಟಲ್ಲ, ಗೂಡಿನ ಬಾಗಿಲು ತೆಗೆದು ವಾಸನೆ ನೋಡ್ತೀನಿ. ನೀವೂ ಇವತ್ತೇ ಒಂದು ಹಿಡಿ ಅದುಮಿ ನೋಡಿ. ಮತ್ತೆ ಸಿಗೋಣ.