ಪಿನ್ ಗುಟ್ಟಾಗಿ ಉಳಿಯಬೇಕಾದರೆ

ಇವತ್ತು ನಾವು ಮಾತಾಡುವುದು ಎಟಿಎಂ ಎದುರು ನಿಲ್ಲುವ ನಮ್ಮ ಹಿರಿಯರ ಬಗ್ಗೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಡಕೆ ಮಾರಿದ ದುಡ್ಡು ಈಗ ಖಾತೆಗೇ ಬೀಳುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ಅನೇಕರಿಗೆ ಮಲಯಾಳ ಮಾತಾಡಲು ಬರ್ತದೆ, ಓದಲು ಬಾರದು. ಇಂಗ್ಲಿಷೂ ಅಷ್ಟಕ್ಕಷ್ಟೆ. ಮತ್ತೇನು ಮಾಡ್ತಾರೆ? ಹಿಂದೆ ನಿಂತವರ ಕೈಗೆ ಕಾರ್ಡ್ ಕೊಟ್ಟು ಪಿನ್ನನ್ನೂ ಹೇಳ್ತಾರೆ. "ಒಟಿಪಿ ಯಾರಿಗೂ ಕೊಡಬೇಡಿ" ಎಂಬ ಎಚ್ಚರಿಕೆಯೇ ಓದಲಾಗದ ಭಾಷೆಯಲ್ಲಿ ಬಂದರೆ ಏನು ಪ್ರಯೋಜನ, ನೀವೇ ಹೇಳಿ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಶಾಲೆ, ಕಚೇರಿ, ನೌಕರಿ ಅಂತ ಹೋರಾಡುತ್ತಲೇ ಬಂದಿದ್ದೇವೆ. ಈಗ ಭಾಷೆಯ ಪ್ರಶ್ನೆ ನಮ್ಮ ಕಿಸೆಗೂ ಬಂದಿದೆ.

ಯಂತ್ರಕ್ಕೆ ಕನ್ನಡ ಬರುವುದಿಲ್ಲ ಅನ್ನುವ ನೆಪ ಬೇಡ. ತಲಪಾಡಿ ದಾಟಿದರೆ ಮಂಗಳೂರಿನಲ್ಲಿ ಎಟಿಎಂ ಕನ್ನಡ ತೋರಿಸ್ತದೆ. ಬ್ಯಾಂಕಿನ ಫಾರಂ ಹಿಂದಿ, ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಕಾಸರಗೋಡು, ಮಂಜೇಶ್ವರದಲ್ಲಿ ಪ್ರಾದೇಶಿಕ ಭಾಷೆ ಅಂದರೆ ಕನ್ನಡವೂ ಹೌದಲ್ವಾ?

ಮಲಯಾಳದ ಮೇಲೆ ನಮಗೆ ದ್ವೇಷವಿಲ್ಲ. ಪಕ್ಕದಲ್ಲಿ ಕನ್ನಡವೂ ಇರಲಿ ಅಂತಷ್ಟೇ ಕೇಳುವುದು.

ಹಾಗಾಗಿ ಎರಡು ಕೆಲಸ ಮಾಡುವ. ನಮ್ಮ ನಮ್ಮ ಶಾಖೆಗೆ ಕನ್ನಡದಲ್ಲೇ ಅರ್ಜಿ ಬರೆದು ಕೊಡುವ, ಸ್ವೀಕೃತಿ ಪಡೆಯುವ. ಮನೆಯ ಹಿರಿಯರ ಫೋನಿನಲ್ಲಿ ಭೀಮ್ ಆ್ಯಪ್ ಇದ್ದರೆ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಮೋಸವಾದರೆ ಕರೆಯಬೇಕಾದ 1930 ಸಂಖ್ಯೆಯನ್ನು ಗೋಡೆಯಲ್ಲಿ ಬರೆದಿಡುವ.

ಅಜ್ಜನ ಪಿನ್ ಅಜ್ಜನಿಗೆ ಮಾತ್ರ ಗೊತ್ತಿರಬೇಕು. ಅದಕ್ಕೆ ಕನ್ನಡ ಬೇಕು.