ಅಣೆಕಟ್ಟಿಗೆ ಕಾನೂನು ಬಂತು, ಕೆಳಗಿರುವವರಿಗೆ?

(ಹಿನಕಲ್‌ನಲ್ಲಿ ಜರಗಿದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಇತರ ಗೇಟುಗಳನ್ನೂ ತೆರೆಯಲಾಯಿತು. ರೈತರು ಬೆಳೆಗೆಂದು ನಂಬಿಕೊಂಡಿದ್ದ ನೀರು ಅವರ ಕಣ್ಣೆದುರೇ ನದಿ ಸೇರಿತು. ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ಇಳಿಸಿದರು. ಅದಕ್ಕೆ ಒಂದು ವಾರವೇ ಹಿಡಿಯಿತು.

ಸರಪಳಿ ತುಂಡಾದಾಗ ದೇಶದಲ್ಲಿ ಕಾನೂನು ಇರಲಿಲ್ಲವೇ? ಇತ್ತು. ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಿಂದಲೇ ಜಾರಿಯಲ್ಲಿತ್ತು. ಸಂವಿಧಾನವು ನೀರನ್ನು ರಾಜ್ಯಪಟ್ಟಿಯಲ್ಲಿರಿಸಿ, ಅಂತರ್‌ರಾಜ್ಯ ನದಿಗಳನ್ನು ಕೇಂದ್ರಪಟ್ಟಿಗೆ ಸೇರಿಸಿದೆ. ಆದುದರಿಂದ ಈ ಮಸೂದೆಯನ್ನು ಕೆಲವು ರಾಜ್ಯಗಳು ತಮ್ಮ ಅಧಿಕಾರದ ಮೇಲಿನ ಅತಿಕ್ರಮಣವೆಂದೇ ವಿರೋಧಿಸಿದವು. ಅಧಿಕಾರ ಯಾರದೆಂಬ ಜಗಳ ಸಾಕಷ್ಟು ನಡೆಯಿತು. ಹೊಣೆ ಯಾರದೆಂಬ ಪ್ರಶ್ನೆ ಮಾತ್ರ ಅಷ್ಟು ಗಟ್ಟಿಯಾಗಿ ಕೇಳಿಬರಲಿಲ್ಲ.

ನಾವು ಕಲಾ ವಿಭಾಗದಲ್ಲಿ ಓದಿದವರು, ಇಂಜಿನಿಯರಿಂಗ್ ನಮಗೆ ತಿಳಿಯದು. ಕಾಯ್ದೆಯ ಪುಟಗಳನ್ನು ಮಾತ್ರ ಓದಿದ್ದೇವೆ. ಅಧಿಕಾರಿಗಳ ಕೆಲಸಕ್ಕೆ ಅಡ್ಡಿಪಡಿಸಿದವರಿಗೆ, ನಿರ್ದೇಶನ ಪಾಲಿಸದವರಿಗೆ ಒಂದು ವರ್ಷದ ತನಕ ಸಜೆ. ಅದರಿಂದ ಪ್ರಾಣಹಾನಿಯಾದರೆ ಎರಡು ವರ್ಷ. ಆದರೆ ನೀರು ನುಗ್ಗಿ ಮನೆ ಕಳಕೊಂಡವನಿಗೆ ಪರಿಹಾರ ಎಷ್ಟು, ಕೊಡುವವರು ಯಾರು ಎಂಬ ಬಗ್ಗೆ ಕಾಯ್ದೆ ಮೌನ.

ಕಾವೇರಿಯಾಗಲಿ ಕಪಿಲೆಯಾಗಲಿ ಹಿನಕಲ್‌ನ ಹೊಸ್ತಿಲಿಗೆ ಬರುವುದಿಲ್ಲ, ನಿಜ. ಆದರೆ 2018 ಮತ್ತು 2019ರ ಆಗಸ್ಟ್‌ನಲ್ಲಿ ಕಬಿನಿಯಿಂದ ಬಿಟ್ಟ ನೀರು ಮೈಸೂರು-ನಂಜನಗೂಡು ರಸ್ತೆಯನ್ನೇ ಮುಳುಗಿಸಿತು. ನಂಜನಗೂಡಿನಲ್ಲಿ ನಂಟರಿಲ್ಲದ ಮನೆ ಇಲ್ಲಿ ಎಷ್ಟಿದೆ? ನದಿ ಬಾರದ ಕಡೆಗೆ ಮಳೆ ಬಾರದಿರುವುದೇ? ಇಲ್ಲಿ ನಾವೂ ನಿರಪರಾಧಿಗಳಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕಾಲುವೆಯ ಅಂಚಿನ, ಕೆರೆಯ ತಗ್ಗಿನ ಸೈಟನ್ನು ಖರೀದಿಸುವಾಗ ನೀರಿನ ದಾರಿ ಯಾವುದೆಂದು ನಾವು ವಿಚಾರಿಸಿಲ್ಲ. ಮಾರಿದವನಂತೂ ಹೇಳಲೇ ಇಲ್ಲ. ನೆರೆಬಯಲಿನಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂದು ಗುರುತಿಸುವ ಮಾದರಿ ಮಸೂದೆಯೊಂದನ್ನು ಕೇಂದ್ರವು 1975ರಲ್ಲೇ ರಾಜ್ಯಗಳಿಗೆ ಕಳುಹಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂತಹ ಬೆರಳೆಣಿಕೆಯ ರಾಜ್ಯಗಳು ಮಾತ್ರ ಅದನ್ನು ಕಾನೂನಾಗಿಸಿದವು.

ಇನ್ನೊಂದು ಬದಲಾವಣೆಯನ್ನು ನಮ್ಮ ಸಣ್ಣ ವ್ಯಾಪಾರಿಗಳು ಗಮನಿಸಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 13ನೇ ಸೆಕ್ಷನ್, ಭೀಕರ ವಿಪತ್ತಿಗೀಡಾದವರಿಗೆ ಸಾಲ ಮರುಪಾವತಿಯಲ್ಲಿ ರಿಯಾಯಿತಿ ನೀಡಲು ಶಿಫಾರಸು ಮಾಡುವ ಅವಕಾಶ ಕೊಟ್ಟಿತ್ತು. 2025ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ವಯನಾಡಿನ ಭೂಕುಸಿತ ಸಂತ್ರಸ್ತರ ಸಾಲದ ಪ್ರಶ್ನೆ ಕೇರಳ ಹೈಕೋರ್ಟಿನ ಮುಂದಿದ್ದಾಗಲೇ ಇದು ನಡೆಯಿತು. ಕೊಚ್ಚಿಹೋದ ಅಂಗಡಿಯ ಸಾಲ ಅಂಗಡಿಯೊಂದಿಗೆ ಕೊಚ್ಚಿಹೋಗುವುದಿಲ್ಲವಷ್ಟೇ. ಅದೇ ತಿದ್ದುಪಡಿ, ಮಹಾನಗರ ಪಾಲಿಕೆಯಿರುವ ನಗರಗಳಿಗೆ ಪ್ರತ್ಯೇಕ ನಗರ ವಿಪತ್ತು ಪ್ರಾಧಿಕಾರ ರಚಿಸುವ ಅಧಿಕಾರವನ್ನು ರಾಜ್ಯಗಳಿಗೆ ನೀಡಿದೆ. ಅದು ಸ್ವಾಗತಾರ್ಹ.

ಅಣೆಕಟ್ಟು ಕಾಯ್ದೆಯಲ್ಲಿ ನಮ್ಮ ಕೈಗೆಟಕುವ ಒಂದು ಅಂಶವಿದೆ. ಹಳೆಯ ಅಣೆಕಟ್ಟುಗಳಿಗೂ ಐದು ವರ್ಷದೊಳಗೆ ತುರ್ತು ಕ್ರಿಯಾ ಯೋಜನೆ ಸಿದ್ಧವಾಗಬೇಕು. ಆ ಗಡುವು 2026ರ ಡಿಸೆಂಬರ್ 30. ನೀರು ಬಿಟ್ಟರೆ ಎಲ್ಲಿಯ ತನಕ ಮುಳುಗೀತು, ಯಾರಿಗೆ ಹೇಗೆ ಮುನ್ಸೂಚನೆ ತಲುಪೀತು ಎಂಬುದೆಲ್ಲ ಆ ಯೋಜನೆಯಲ್ಲಿರಬೇಕು. ಜಿಲ್ಲಾ ವಿಪತ್ತು ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅವರಿಗೆ ಸಲ್ಲಿಸಲಿರುವ ಮನವಿಯಲ್ಲಿ ನಾವು ಎರಡೇ ಪ್ರಶ್ನೆ ಬರೆದಿದ್ದೇವೆ. ಕೃಷ್ಣರಾಜಸಾಗರ ಮತ್ತು ಕಬಿನಿಯ ಯೋಜನೆಗಳು ಕನ್ನಡದಲ್ಲಿ ಸಾರ್ವಜನಿಕರಿಗೆ ಎಲ್ಲಿ ಓದಲು ಸಿಗುತ್ತವೆ? ನಮ್ಮ ತಗ್ಗು ಬೀದಿಗಳ ನೀರಿನ ದಾರಿಯ ನಕ್ಷೆ ಯಾರ ಬಳಿಯಿದೆ? ಸಹಿಯ ಹಾಳೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ತಾಯಂದಿರಿಗೂ ಬೇರೆ ಹಾಳೆ ಇರಿಸಲಾಗಿದೆ.