ಗುಂಪು ಲೆಕ್ಕದ ಸರಾಸರಿ

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ರಾತ್ರಿಶಾಲೆಗೆ ಹೋಗುವ ನಮ್ಮ ತರುಣರು ಬೀಜಗಣಿತದ ಪುಸ್ತಕದಲ್ಲಿ ವರ್ಗೀಕೃತ ಅಂಕಿಗಳ ಸರಾಸರಿ ಎಂಬ ಪಾಠ ಬಂದೊಡನೆ, ಪರೀಕ್ಷೆಗಷ್ಟೇ ಬೇಕಾದದ್ದೆಂದು ಸೂತ್ರವನ್ನು ಬಾಯಿಪಾಠ ಮಾಡಿಬಿಡುತ್ತಾರೆ. ಪಗಾರದ ಪಟ್ಟಿ ಬರೆಯುವ ನಮ್ಮಂಥ ಗುಮಾಸ್ತರಿಗೆ ಅದು ಹಾಗೆ ಕಾಣುವುದಿಲ್ಲ. ಮುಂಬಯಿಯ ಗಿರಣಿ ಕೆಲಸಗಾರರ ತುಟ್ಟಿಭತ್ತೆ ಎಷ್ಟೋ ವರ್ಷ ನಿಂತದ್ದು ಇಂಥ ಸರಾಸರಿಗಳ ಮೇಲೆಯೇ.

1921–22ರಲ್ಲಿ ಮುಂಬಯಿ ಸರಕಾರದ ಲೇಬರ್ ಆಫೀಸಿನವರು ಈ ಊರಿನ 2,473 ಕೆಲಸಗಾರ ಸಂಸಾರಗಳ ಆದಾಯ-ಖರ್ಚುಗಳನ್ನು ವಿಚಾರಿಸಿ ಬರೆದುಕೊಂಡರು. ಅಷ್ಟು ಚೀಟಿಗಳನ್ನು ಒಂದೊಂದಾಗಿ ಓದಿದರೆ ಏನು ತಿಳಿದೀತು? ಆದಾಯದ ಪ್ರಕಾರ ಗುಂಪು ಮಾಡಿದರು.

ನಾವೂ ಪಾಠಕ್ಕಾಗಿ ಒಂದು ಸಣ್ಣ ಲೆಕ್ಕ ಕಲ್ಪಿಸಿಕೊಳ್ಳೋಣ. ನಲವತ್ತು ಜನರಿದ್ದಾರೆ. 30ರಿಂದ 40 ರೂಪಾಯಿಯೊಳಗೆ ಪಗಾರ ಪಡೆಯುವವರು 6, 40ರಿಂದ 50ರೊಳಗೆ 14, 50ರಿಂದ 60ರೊಳಗೆ 12, 60ರಿಂದ 70ರೊಳಗೆ 8. ಪ್ರತಿ ಗುಂಪಿಗೂ ನಡುವಿನ ಅಂಕಿಯನ್ನು ಹಿಡಿಯಿರಿ: 35, 45, 55, 65. ಅದನ್ನು ಜನರ ಸಂಖ್ಯೆಯಿಂದ ಗುಣಿಸಿದರೆ 210, 630, 660, 520, ಕೂಡಿದರೆ 2,020. ನಲವತ್ತರಿಂದ ಭಾಗಿಸಿ: 50 ರೂಪಾಯಿ 8 ಆಣೆ. (ಆಣೆಯ ಲೆಕ್ಕ ಹೋಗಿ ಬಹಳ ಕಾಲವಾಯಿತು, ಹಳೆಯ ಪಟ್ಟಿ ನೋಡಿದರೆ ಕೈ ತಾನಾಗಿ ಹಾಗೆ ಬರೆಯುತ್ತದೆ.)

ದೊಡ್ಡ ಗುಣಾಕಾರ ಬೇಡವೆಂದರೆ 45ನ್ನೇ ಸರಾಸರಿಯೆಂದು ಊಹಿಸಿಕೊಳ್ಳಿ. ಒಂದು ಗುಂಪು ಕೆಳಗಿದ್ದರೆ ಋಣ 1, ಮೇಲಿದ್ದರೆ 1, ಇನ್ನೂ ಮೇಲಿದ್ದರೆ 2. ಋಣ 6, ಸೊನ್ನೆ, 12, 16, ಒಟ್ಟು 22. ಅದನ್ನು 40ರಿಂದ ಭಾಗಿಸಿ 10ರಿಂದ ಗುಣಿಸಿದರೆ ಐದೂವರೆ. 45ಕ್ಕೆ ಸೇರಿಸಿ. ಅದೇ ಉತ್ತರ!

ಆದರೆ ನಡುವಿನ ಅಂಕಿ ಎಂಬುದು ಒಂದು ಊಹೆ ಮಾತ್ರ. ಎರಡನೆಯ ಗುಂಪಿನ ಹದಿನಾಲ್ಕು ಜನರೂ ನಿಜವಾಗಿ 41 ರೂಪಾಯಿಯವರೇ ಆಗಿದ್ದರೆ? ಒಟ್ಟು ಮೊತ್ತದಲ್ಲಿ 56 ರೂಪಾಯಿ ಕಡಿಮೆಯಾಗಿ, ಸರಾಸರಿ ಸುಮಾರು 49ಕ್ಕೆ ಇಳಿದುಬಿಡುತ್ತದೆ. ಗಿರಣಿಗಳಲ್ಲಿ ಒಂದೊಂದು ಕೆಲಸಕ್ಕೆ ಗೊತ್ತಾದ ದರವಿದ್ದುದರಿಂದ ಜನ ಗುಂಪಿನ ಒಂದೇ ಬದಿಗೆ ಕೂಡಿಕೊಳ್ಳುವುದು ಅಪರೂಪವೇನಲ್ಲ.

ಬೆಲೆಗಳ ಸೂಚ್ಯಂಕವೂ ಸರಾಸರಿಯೇ. ಜೋಳ, ಅಕ್ಕಿ, ಬಟ್ಟೆ, ಬಾಡಿಗೆ—ಒಂದೊಂದರ ಏರಿಕೆಯನ್ನು ಸಂಸಾರದ ಖರ್ಚಿನಲ್ಲಿ ಅದರ ಪಾಲಿನಿಂದ ಗುಣಿಸಿ ಕೂಡುವುದು. 1933–34ನ್ನು ನೂರೆಂದು ಹಿಡಿದ ಹಳೆಯ ಸೂಚ್ಯಂಕ ಪೇಟೆಯ ಬೆಲೆಗಿಂತ ಹಿಂದೆ ಬಿದ್ದಿದೆಯೆಂದು ಕೆಲಸಗಾರರು ದೂರಿದರು. 1963ರ ಆಗಸ್ಟ್ 20ರಂದು ಮುಂಬಯಿ ಬಂದ್ ಆಯಿತು. ಸರಕಾರ ಲಕಡಾವಾಲಾ ಸಮಿತಿಯನ್ನು ನೇಮಿಸಿತು. ಸೂಚ್ಯಂಕ ತಿದ್ದಬೇಕೆಂದು ಆ ಸಮಿತಿಯೂ ಹೇಳಿತು. ಅಂಕಿಯ ತಪ್ಪು ಪ್ರತಿ ತಿಂಗಳೂ ಪಗಾರದ ಲಕೋಟೆಯಲ್ಲಿ ಕಾಣುತ್ತಿತ್ತು.

ಇನ್ನೊಂದು ಮಾತು. ಸರಾಸರಿಗಳನ್ನು ಕೂಡಿ ಅರ್ಧ ಮಾಡಬೇಡಿರಿ. ಒಂದು ಖಾತೆಯಲ್ಲಿ 10 ಜನಕ್ಕೆ ಸರಾಸರಿ 60, ಇನ್ನೊಂದರಲ್ಲಿ 30 ಜನಕ್ಕೆ 40 ಎಂದಿದ್ದರೆ ಒಟ್ಟಿನದು 50 ಅಲ್ಲ, 45. ಕಡೆಯ ಗುಂಪು ‘90 ಮತ್ತು ಮೇಲ್ಪಟ್ಟು’ ಎಂದಿದ್ದರೆ ಅದಕ್ಕೆ ನಡುವೇ ಇಲ್ಲ. ಅಲ್ಲಿ ಯಾವ ಅಂಕಿ ಹಿಡಿದಿರಿ ಎಂದು ಲೆಕ್ಕ ಕೊಟ್ಟವರನ್ನು ಮೊದಲು ಕೇಳಿರಿ.